ಬಣ್ಣ ಬಿಡಿಸುವುದು

ಬಣ್ಣ ಬಳಿಯುವುದನ್ನು ಕಲಿಸುವವರು ಎಲ್ಲೆಲ್ಲಿಯೂ ಇದ್ದಾರೆ. ಬಳಿದ ಬಣ್ಣವನ್ನು ಬಿಡಿಸಲು ಕಲಿಸುವ ಗುರು ಮಾತ್ರ ದುರ್ಲಭ. ಲೋಕದ ಹೊಗಳಿಕೆಯೆಲ್ಲ ಬಳಿಯುವವನಿಗೇ ಸಲ್ಲುವುದು. ಹಬ್ಬ ಬಂತೆಂದು ಗೋಡೆಗೆ ಸುಣ್ಣ ಹೊಡೆಸುವ ಗೃಹಸ್ಥನು ಹಳೆಯ ಸುಣ್ಣವನ್ನು ಕೆರೆಸುವ ಗೋಜಿಗೆ ಹೋಗುವುದಿಲ್ಲ. ಕಳೆದ ವರ್ಷದ ಬಿಳುಪಿನ ಮೇಲೆಯೇ ಈ ವರ್ಷದ ಬಿಳುಪು ಕುಳಿತುಕೊಳ್ಳುತ್ತದೆ. ಹೀಗೆ ಮೂವತ್ತು ಹಬ್ಬಗಳಾದ ಮೇಲೆ ಮೂಲೆಯಲ್ಲಿ ಒಂದು ಚಕ್ಕೆ ಎದ್ದು ಬಿದ್ದರೆ, ಅದರ ಅಂಚಿನಲ್ಲಿ ಬಿಳಿ, ನೀಲಿ, ಹಳದಿಯ ಪದರಗಳು ಒಂದರಡಿಯಲ್ಲೊಂದು ಕಾಣಿಸುವುವು. ಮನೆಯ ಹಿರಿಯರು ಅದನ್ನು ನೋಡಿ, ‘ಈ ಹಳದಿ ಸುಬ್ಬಿಯ ಮದುವೆಯ ವರ್ಷದ್ದು’ ಎಂದು ಗುರುತು ಹೇಳುವುದೂ ಉಂಟು. ಗೋಡೆಗೆ ಇದರಿಂದ ಕೇಡೇನೂ ಇಲ್ಲ. ಗೋಡೆ ದೊಡ್ಡದು, ಅಷ್ಟು ದಪ್ಪವನ್ನು ಅದು ಅರಗಿಸಿಕೊಂಡೀತು. ವಸ್ತುವು ಚಿಕ್ಕದಾದಷ್ಟೂ ಈ ಸೌಕರ್ಯ ಕಡಮೆ. ಗೇಣುದ್ದವೂ ಇಲ್ಲದ ಪ್ಲಾಸ್ಟಿಕ್ಕಿನ ವಿಮಾನವೊಂದರ ಮೇಲೆ ಮೂರು ಸಲ ಬಣ್ಣ ಬಳಿದರೆ ವಿಮಾನವು ಕಾಣದಾಗಿ ಬಣ್ಣದ ಮುದ್ದೆಯೊಂದು ಕೈಗೆ ಬರುತ್ತದೆ.

ಇಂಥ ವಿಮಾನವನ್ನು ಆಟಿಕೆಯೆಂದರೆ ಆ ಹವ್ಯಾಸದವರು ಮುನಿಸಿಕೊಳ್ಳುವರು. ಅವರು ಅದನ್ನು ಮಾದರಿಯೆನ್ನುತ್ತಾರೆ. ಅಂಗಡಿಯಿಂದ ತಂದ ಪೆಟ್ಟಿಗೆಯೊಳಗೆ ವಿಮಾನವಿರುವುದಿಲ್ಲ. ಪ್ಲಾಸ್ಟಿಕ್ಕಿನ ಕಡ್ಡಿಗಳ ಚೌಕಟ್ಟಿನಲ್ಲಿ ಕಾಯಿಗಳಂತೆ ಜೋತುಬಿದ್ದ ರೆಕ್ಕೆ, ಬಾಲ, ಗಾಲಿ, ಚಾಲಕನ ಪೀಠ ಮೊದಲಾದ ಬಿಡಿಭಾಗಗಳಿರುತ್ತವೆ. ಅವನ್ನು ಬಿಡಿಸಿ, ಅಂಟಿನಿಂದ ಕೂಡಿಸಿ, ಬಣ್ಣ ಹಚ್ಚಿ, ನೀರಿನಲ್ಲಿ ನೆನೆಸಿದ ಕಾಗದದಿಂದ ಜಾರಿಸಿ ಗುರುತುಗಳನ್ನು ಅಂಟಿಸಿದರೆ ಮಾದರಿ ಮುಗಿಯುತ್ತದೆ. 1936ರಲ್ಲಿ ಇಂಗ್ಲೆಂಡಿನ ಫ್ರಾಗ್ ಎಂಬ ಹೆಸರಿನವರು ಸೆಲ್ಯುಲೋಸ್ ಅಸಿಟೇಟಿನಿಂದ ಇಂಥ ವಿಮಾನಗಳನ್ನು ಮಾಡಿ ಮಾರಿದರು. ಹಾರದ ವಿಮಾನಗಳಾದುದರಿಂದ ಅವಕ್ಕೆ ಹಾರಲಾರದ ಹಕ್ಕಿಯಾದ ಪೆಂಗ್ವಿನ್ನಿನ ಹೆಸರನ್ನಿಟ್ಟುದು ಆ ಜನರ ವಿನೋದಬುದ್ಧಿಗೆ ಸಾಕ್ಷಿ. ಆದರೆ ಮನೆಮನೆಗೆ ಮಾದರಿಯನ್ನು ಮುಟ್ಟಿಸಿದುದು ಏರ್‌ಫಿಕ್ಸ್ ಕಂಪೆನಿ. ಹಂಗೆರಿಯಿಂದ ಬಂದ ನಿಕೊಲಸ್ ಕೋವ್ ಎಂಬಾತನು 1939ರಲ್ಲಿ ಅದನ್ನು ಸ್ಥಾಪಿಸಿದಾಗ ಅಲ್ಲಿ ತಯಾರಾಗುತ್ತಿದ್ದುದು ಗಾಳಿ ತುಂಬುವ ರಬ್ಬರಿನ ಆಟಿಕೆಗಳು. ಯುದ್ಧ ಮುಗಿದ ಮೇಲೆ ಬಾಚಣಿಗೆಗಳು. 1949ರಲ್ಲಿ ಫರ್ಗುಸನ್ ಟ್ರ್ಯಾಕ್ಟರಿನ ವ್ಯಾಪಾರಿಗಳಿಗಾಗಿ ಅದರದೊಂದು ಪುಟ್ಟ ಪ್ರತಿಕೃತಿಯನ್ನು ಮಾಡಿಕೊಟ್ಟುದೇ ಅದರ ಹೊಸ ದಾರಿಯಾಯಿತು. 1952ರಲ್ಲಿ ಡ್ರೇಕನ ‘ಗೋಲ್ಡನ್ ಹೈಂಡ್’ ಹಡಗು, ಚೀಲವೊಂದಕ್ಕೆ ಎರಡು ಷಿಲಿಂಗಿನಂತೆ, ವೂಲ್‌ವರ್ತ್ ಅಂಗಡಿಗಳಲ್ಲಿ ಮಾರಾಟವಾಯಿತು. ಆಮೇಲೆ ಸ್ಪಿಟ್‌ಫೈರ್ ವಿಮಾನ ಬಂತು. ಯುದ್ಧಕಾಲದಲ್ಲಿ ಆಕಾಶದಲ್ಲಿ ಈ ವಿಮಾನವನ್ನು ತಲೆಯೆತ್ತಿ ನೋಡಿದ್ದ ಜನರ ಮಕ್ಕಳು ಈಗ ಅದನ್ನು ಅಡುಗೆಮನೆಯ ಮೇಜಿನ ಮೇಲೆ ಅಂಟಿಸತೊಡಗಿದರು.

ಮಾದರಿಯೆಂದರೆ ಅಳತೆ. ಸಾಮಾನ್ಯವಾದ ಅಳತೆಯು 72ರಲ್ಲಿ ಒಂದು ಪಾಲು. ಅಂದರೆ ಮಾದರಿಯ ಒಂದು ಅಂಗುಲವು ನಿಜವಾದ ವಿಮಾನದ ಆರು ಅಡಿಗೆ ಸಮ. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 37 ಅಡಿಯಿದ್ದ ಸ್ಪಿಟ್‌ಫೈರು ಈ ಅಳತೆಯಲ್ಲಿ ಆರು ಅಂಗುಲಕ್ಕಿಂತ ತುಸು ಹೆಚ್ಚು. ಇದನ್ನು ಎಲ್ಲರೂ ಬಲ್ಲರು. ಬಣ್ಣಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆಂಬುದನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಮಾದರಿಯ ಮೇಲೆ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ದಪ್ಪವಾಗಿ ಬಣ್ಣ ಕುಳಿತರೆ ಅದು ನಿಜವಾದ ವಿಮಾನದ ಮೇಲೆ ಏಳು ಮಿಲಿಮೀಟರು ದಪ್ಪದ ಗಾರೆ ಮೆತ್ತಿದಂತೆ. ಅಂಥ ಮೂರು ಪದರಗಳಾದರೆ ಎರಡು ಸೆಂಟಿಮೀಟರು ಮೀರಿತು. ಅಷ್ಟು ಗಾರೆಯನ್ನು ಹೊತ್ತ ವಿಮಾನವು ನೆಲ ಬಿಟ್ಟೇಳಲಾರದು! ಏರ್‌ಫಿಕ್ಸಿನವರು ಹಳೆಯ ಮಾದರಿಗಳ ಮೈಮೇಲೆ ಸಾಸಿವೆಗಿಂತ ಸಣ್ಣದಾಗಿ ಎಬ್ಬಿಸಿದ್ದ ಮೊಳೆಗಳ ಸಾಲುಗಳೂ, ತಗಡು ತಗಡು ಕೂಡುವ ಗೆರೆಗಳೂ ಈ ಗಾರೆಯಡಿಯಲ್ಲಿ ಮುಚ್ಚಿಹೋಗುವುವು. ಮರಳುಕಾಗದದಿಂದ ಉಜ್ಜಿ ತೆಗೆಯೋಣವೆಂದರೆ ಬಣ್ಣದೊಡನೆ ಆ ಮೊಳೆಗಳೂ ಸವೆದುಹೋಗುವುವು. ಮೇಲಾಗಿ ಹಳೆಯ ಬಣ್ಣಗಳಲ್ಲಿ ಸೀಸವಿರಬಹುದು. ಅದರ ಧೂಳು ಮೂಗಿಗೆ ಹೋಗುವುದು ಒಳ್ಳೆಯದಲ್ಲ. ಆದುದರಿಂದ ಹಳೆಯ ಮಾದರಿಯನ್ನು ಹೊಸದಾಗಿ ಮಾಡಬೇಕೆನ್ನುವವನಿಗೆ ದ್ರವದ ಆಶ್ರಯವಲ್ಲದೆ ಬೇರೆ ಗತಿಯಿಲ್ಲ.

ಇಂಗ್ಲೆಂಡಿನ ಪೂರ್ವತೀರದಲ್ಲಿ, ಹಂಬರ್ ನದಿಯ ಅಳಿವೆಯ ಮೇಲೆ, ಹಲ್ ಎಂಬ ರೇವುಪಟ್ಟಣವಿದೆ. 1919ರಲ್ಲಿ ಅಲ್ಲಿ ಹಂಬರ್ ಆಯಿಲ್ ಕಂಪೆನಿಯೆಂಬ ಎಣ್ಣೆಯ ವ್ಯಾಪಾರ ಆರಂಭವಾಯಿತು. ಮುಂದೆ ಅದೇ ಹಂಬ್ರೋಲ್ ಎಂಬ ಹೆಸರಿನಿಂದ, ಹೆಬ್ಬೆರಳಿನಷ್ಟು ಚಿಕ್ಕ ತಗಡಿನ ಡಬ್ಬಿಗಳಲ್ಲಿ, 14 ಮಿಲಿಲೀಟರಿನಂತೆ ಎನಾಮೆಲ್ ಬಣ್ಣವನ್ನು ಮಾರಿ ಎರಡು ಮೂರು ತಲೆಮಾರಿನ ಹುಡುಗರ ಬೆರಳುಗಳನ್ನು ಬಣ್ಣಬಣ್ಣವಾಗಿಸಿತು. 1986ರಿಂದ 2006ರವರೆಗೆ ಏರ್‌ಫಿಕ್ಸ್ ಕೂಡ ಆ ಕಂಪೆನಿಯ ವಶದಲ್ಲಿತ್ತು. ಆಮೇಲೆ ಎರಡನ್ನೂ ಹಾರ್ನ್‌ಬಿ ಕಂಪೆನಿ ಕೊಂಡಿತು. ಅದೇ ಹಲ್ ಪಟ್ಟಣದಲ್ಲಿಯೇ 1840ರಷ್ಟು ಹಿಂದೆ ಐಸಾಕ್ ರೆಕಿಟ್ ಎಂಬಾತನು ಬಟ್ಟೆಗೆ ಹಾಕುವ ಗಂಜಿಯ ಕಾರ್ಖಾನೆಯನ್ನು ಹಿಡಿದಿದ್ದನು. ಆ ಮನೆತನದ ಕಂಪೆನಿ ಗಂಜಿಯಿಂದ ನೀಲಿಗೆ, ನೀಲಿಯಿಂದ ಔಷಧಿಗೆ ಬೆಳೆದು, 1930ರ ದಶಕದಲ್ಲಿ ಡೆಟಾಲನ್ನು ಹೊರತಂದಿತು. ಬಿಳಿಯ ಪಂಚೆಗೆ ರಾಬಿನ್ ನೀಲಿ ಹಾಕಿದ, ಬಾಣಂತಿಯ ಕೋಣೆಯಲ್ಲಿ ಡೆಟಾಲಿನ ವಾಸನೆಯನ್ನು ಬಲ್ಲ ಕನ್ನಡ ಮನೆಗಳು ಈ ಊರಿಗೆ ಅಷ್ಟರಮಟ್ಟಿಗೆ ಋಣಿಗಳು. ಗಾಯಕ್ಕೆ ಹಾಕುವ ಈ ಡೆಟಾಲೇ ಹಂಬ್ರೋಲ್ ಬಣ್ಣವನ್ನು ಬಿಡಿಸುವುದಕ್ಕೆ ಒಳ್ಳೆಯ ದ್ರವವೆಂದು ಹವ್ಯಾಸಿಗಳು ಕಂಡುಕೊಂಡರು. ಕಟ್ಟುವ ವಸ್ತುವನ್ನೂ ಬಿಡಿಸುವ ವಸ್ತುವನ್ನೂ ಒಂದೇ ಊರು ಲೋಕಕ್ಕೆ ಕೊಟ್ಟಿತು. ಊರಿನವರಿಗೆ ಇದರ ಅರಿವಿತ್ತೋ ಇಲ್ಲವೋ!

ಹಲ್ ಪಟ್ಟಣದ ಉತ್ತರಕ್ಕೆ, ಬೆವರ್ಲಿಯ ಬಳಿ, ಲೆಕನ್‌ಫೀಲ್ಡ್ ಎಂಬ ವಿಮಾನನೆಲೆಯಿತ್ತು. 1941ರ ಜೂನ್ ತಿಂಗಳಲ್ಲಿ ಬ್ರಿಟಿಷ್ ವಾಯುಪಡೆಯ 129ನೆಯ ದಳವನ್ನು ಅಲ್ಲಿ ಸ್ಪಿಟ್‌ಫೈರುಗಳೊಡನೆ ಮತ್ತೆ ಕಟ್ಟಿದರು. ಯುದ್ಧನಿಧಿಗೆ ಮೈಸೂರು ಸಂಸ್ಥಾನವು ಕೊಟ್ಟ ಕಾಣಿಕೆಯ ಸ್ಮರಣೆಗಾಗಿ ಆ ದಳಕ್ಕೆ ಮೈಸೂರು ದಳವೆಂದೇ ಹೆಸರಾಯಿತು. ಅದರ ಲಾಂಛನದಲ್ಲಿ ಗಂಡಭೇರುಂಡವು ಕುಳಿತಿತು. ದಳದ ವಿಮಾನಗಳ ಪಕ್ಕದಲ್ಲಿ ಡಿ, ವಿ ಎಂಬ ಅಕ್ಷರಗಳಿರುತ್ತಿದ್ದುವು. ಅರಮನೆಯ ಬಾಗಿಲ ಮೇಲೆ, ಸರ್ಕಾರಿ ಕಾಗದದ ನೆತ್ತಿಯ ಮೇಲೆ ಗಂಡಭೇರುಂಡವನ್ನು ಕಂಡವರಿಗೆ, ಯಾರ್ಕ್‌ಷೈರಿನ ಮಂಜಿನಲ್ಲಿ ಅದೇ ಎರಡು ತಲೆಯ ಹಕ್ಕಿ ಒಂದು ಸ್ಪಿಟ್‌ಫೈರ್ ದಳದ ಗುರುತಾಗಿ ನಿಂತಿತ್ತೆಂದರೆ ಸೋಜಿಗವೆನಿಸದಿರದು.

ಈ ಸಂಗತಿಯನ್ನು ತಡವಾಗಿ ತಿಳಿದು ಸೋಜಿಗಪಟ್ಟವರಲ್ಲಿ ಹಲ್ ಪಟ್ಟಣದ ಸಮೀಪದಲ್ಲಿ ವಾಸವಾಗಿರುವ ಕನ್ನಡಿಗನೊಬ್ಬನು ಸೇರಿದ್ದಾನೆ. ಆತನ ತಂದೆಯವರು ಮೈಸೂರಿನಲ್ಲಿ ವೈದ್ಯಶಾಸ್ತ್ರವನ್ನು ಓದಿ 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋದವರು. ಆತನು ಹುಟ್ಟಿದುದೂ ಬೆಳೆದುದೂ ಅಲ್ಲಿಯೇ. ತಂದೆಯವರು ತೀರಿಕೊಂಡ ಮೇಲೆ ಮನೆಯ ಅಟ್ಟವನ್ನು ಬರಿದುಮಾಡುವಾಗ, ಹಳೆಯ ವೈದ್ಯಪತ್ರಿಕೆಗಳ ಕಟ್ಟಿನ ಹಿಂದೆ, ಬೂಟಿನ ರಟ್ಟಿನ ಪೆಟ್ಟಿಗೆಯೊಂದರಲ್ಲಿ ಸ್ಪಿಟ್‌ಫೈರಿನ ಮಾದರಿ ಸಿಕ್ಕಿತು. 1978ರಲ್ಲಿ, ಆತನಿಗೆ ಏಳು ವರ್ಷವಾಗಿದ್ದಾಗ, ತಂದೆಮಕ್ಕಳು ಕೂಡಿ ಮಾಡಿದ್ದು ಅದು. ಮಣ್ಣಿನ ಕಂದು ಮತ್ತು ಹಸಿರಿನ ಬಣ್ಣ ಅದರ ಮೇಲೆ ಅಂಬಲಿಯಂತೆ ದಪ್ಪವಾಗಿ ಕುಳಿತಿತ್ತು. ಎಡರೆಕ್ಕೆಯು ಬಲರೆಕ್ಕೆಗಿಂತ ಇನ್ನೂ ದಪ್ಪ. ಒಂದೆಡೆ ಕುಂಚದ ಕೂದಲೊಂದು ಬಣ್ಣದಲ್ಲಿಯೇ ಒಣಗಿ ಉಳಿದಿತ್ತು.

ಆತನಿಗೆ ಅದನ್ನು ಮೈಸೂರು ದಳದ ವಿಮಾನವಾಗಿ ಮಾಡಬೇಕೆಂಬ ಆಸೆ ಹುಟ್ಟಿತು. ಆಸೆಗೆ ತಕ್ಕ ಕಾರಣವೂ ಇತ್ತು. 1941ರ ಆಗಸ್ಟಿನಿಂದ ಸ್ಪಿಟ್‌ಫೈರುಗಳ ಮೇಲಿನ ಕಂದುಬಣ್ಣವನ್ನು ಬಿಟ್ಟು ಅದರ ಜಾಗದಲ್ಲಿ ಕಡಲಿನ ಬೂದುಬಣ್ಣವನ್ನು ಬಳಿಯತೊಡಗಿದ್ದರು. ಕೈಯಲ್ಲಿದ್ದ ಮಾದರಿಯು ಆ ಕಾಲದ ಐದನೆಯ ತಳಿಯ ವಿಮಾನದ್ದು. ಆದುದರಿಂದ ಕಂದುಬಣ್ಣವು ಅದಕ್ಕೆ ಹೊಂದುತ್ತಿರಲಿಲ್ಲ. ಇದು ಶಾಸ್ತ್ರದ ಮಾತು. ಆದರೆ ಆ ಶಾಸ್ತ್ರಕ್ಕೆ ಹೊಂದದ ಬಣ್ಣವು ತೀರಿಹೋದ ತಂದೆಯ ಕೈಯಿಂದ ಬಂದುದು. ಅದನ್ನು ತೊಳೆದುಬಿಟ್ಟರೆ ಮತ್ತೆ ಬರುವಂತಿಲ್ಲ. ಪೆಟ್ಟಿಗೆಯು ಸುಮಾರು ಒಂದು ವರ್ಷದ ಕಾಲ ಮೇಜಿನ ಮೇಲೆಯೇ ಇದ್ದಿತು.

ಈ ಬಗೆಯ ತೊಡಕು ಮಾದರಿ ಮಾಡುವ ಹವ್ಯಾಸಿಗಳಿಗೆ ಮಾತ್ರ ಬರುವುದೆಂದು ತಿಳಿಯಬೇಕಾಗಿಲ್ಲ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಹಳೆಯ ಚಿತ್ರಗಳ ಮೇಲಿನ ಕಂದಿದ ವಾರ್ನಿಷನ್ನೂ ಮೇಲುಬಣ್ಣವನ್ನೂ ತೆಗೆದು, ಶುದ್ಧಮಾಡಿದ ಚಿತ್ರಗಳನ್ನು 1947ರಲ್ಲಿ ಪ್ರದರ್ಶನಕ್ಕಿಟ್ಟಾಗ ದೊಡ್ಡ ವಾದವೆದ್ದಿತು. ಕೊಳೆ ಹೋಯಿತೆಂದು ಕೆಲವರು, ಕೊಳೆಯೊಡನೆ ಕಲೆಗಾರನ ಕೊನೆಯ ಕೈಯೂ ಹೋಯಿತೆಂದು ಕೆಲವರು. ಬಿಡಿಸಿದ ಮೇಲೆ ಸಾಕ್ಷಿ ಹೇಳಲು ಬಣ್ಣವೇ ಉಳಿದಿರುವುದಿಲ್ಲವಾದುದರಿಂದ ಇಂಥ ವಾದಗಳು ಇತ್ಯರ್ಥವಾಗುವುದು ಕಷ್ಟ.

ದ್ರವಗಳ ವಿಚಾರವನ್ನು ಇಲ್ಲಿ ಸ್ವಲ್ಪ ವಿಸ್ತರಿಸುವುದು ಅವಶ್ಯ. ಏಕೆಂದರೆ ಮಾದರಿ ಕೆಡುವುದು ಅವಸರದಿಂದಲ್ಲದೆ ಅಜ್ಞಾನದಿಂದಲೂ ಹೌದು. ಮಾದರಿಯ ಮೈ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕು. ಉಗುರುಬಣ್ಣ ತೆಗೆಯಲು ಹೆಂಗಸರು ಬಳಸುವ ಅಸಿಟೋನನ್ನು ಇದರ ಮೇಲೆ ಹಾಕಿದರೆ ಬಣ್ಣಕ್ಕಿಂತ ಮೊದಲು ವಿಮಾನವೇ ಕರಗಿ ಅಂಟಾಗುತ್ತದೆ. ಬಣ್ಣದ ಅಂಗಡಿಯ ಥಿನ್ನರುಗಳಲ್ಲಿ ಬಹುಪಾಲು ಇದೇ ಜಾತಿಯವು. ಬಿಸಿನೀರೂ ಕೂಡದು, ತೆಳುವಾದ ರೆಕ್ಕೆ ಸೊಟ್ಟಗಾದೀತು. ಇನ್ನು ಎನಾಮೆಲ್ ಬಣ್ಣವು ಎಣ್ಣೆಯ ಸಂತತಿ. ಅದು ಬಟ್ಟೆಯಂತೆ ಬರಿದೆ ಆರಿ ಒಣಗುವುದಲ್ಲ; ಮೊದಲು ಅದರೊಳಗಿನ ತೆಳುದ್ರವವು ಆರಿಹೋಗುತ್ತದೆ, ಆಮೇಲೆ ಗಾಳಿಯ ಆಮ್ಲಜನಕವನ್ನು ಹೀರಿ ಅದರ ಕಣಗಳು ಒಂದನ್ನೊಂದು ಕೈಹಿಡಿದುಕೊಳ್ಳುತ್ತವೆ. ಹೀಗೆ ಕೈಹಿಡಿದುಕೊಂಡ ಬಣ್ಣವು, ಹಸಿಯಾಗಿದ್ದಾಗ ಅದನ್ನು ಸುಲಭವಾಗಿ ಕರಗಿಸುತ್ತಿದ್ದ ಟರ್ಪೆಂಟೈನಿಗೂ ಮಣಿಯುವುದಿಲ್ಲ. ಈಗಿನ ಕಾಲದ ನೀರಿನ ಬಣ್ಣವಾದ ಅಕ್ರಿಲಿಕ್ಕಿಗೆ ಐಸೊಪ್ರೊಪೈಲ್ ಮದ್ಯಸಾರ ಸಾಕು. ನಾಲ್ವತ್ತು ವರ್ಷ ಒಣಗಿದ ಎನಾಮೆಲ್ಲಿನ ಮಾತು ಬೇರೆ.

ಅದಕ್ಕೆ ಒಂದು ದಾರಿ ಕಾಸ್ಟಿಕ್ ಸೋಡ. ಎಣ್ಣೆಗೆ ಕಾಸ್ಟಿಕ್ ಸೋಡ ಸೇರಿದರೆ ಸಾಬೂನಾಗುವಂತೆಯೇ, ಎನಾಮೆಲ್ಲಿನ ಎಣ್ಣೆಯೂ ಅದರಿಂದ ಒಡೆದು ಸಾಬೂನಿನಂತೆ ಜಾರತೊಡಗುತ್ತದೆ. ಪಾಲಿಸ್ಟೈರೀನಿಗೆ ಇದರಿಂದ ಅಪಾಯವಿಲ್ಲ. ಇಂಗ್ಲೆಂಡಿನಲ್ಲಿ ರೊಟ್ಟಿಯ ಒಲೆಯನ್ನು ತೊಳೆಯಲು ಮಾರುವ ನೊರೆಯಲ್ಲಿ ಇದೇ ಇರುವುದರಿಂದ ಅನೇಕರು ಅದನ್ನು ಬಳಸುವರು. ಆದರೆ ಅದು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಸಿಡಿದರೆ ಕಣ್ಣನ್ನೇ ತೆಗೆಯಬಲ್ಲದು. ಮೇಲೆ ಹೇಳಿದ ಪೆಂಗ್ವಿನ್ ಮಾದರಿಗಳಿಗಂತೂ ಅದನ್ನು ಮುಟ್ಟಿಸಲೇ ಬಾರದು. ಸೆಲ್ಯುಲೋಸ್ ಅಸಿಟೇಟು ಬಣ್ಣದೊಡನೆ ತಾನೂ ಒಡೆಯುವುದು. ಮತ್ತೊಂದು ದಾರಿ ಮೋಟಾರಿನ ಬ್ರೇಕ್ ಎಣ್ಣೆ. ಹೆಸರಿಗೆ ಎಣ್ಣೆಯಾದರೂ ಅದು ಗ್ಲೈಕಾಲ್ ಜಾತಿಯ ದ್ರವ. ಕಾರಿನ ಮೈಮೇಲೆ ಚೆಲ್ಲಿದರೆ ಬಣ್ಣ ಗುಳ್ಳೆಯೇಳುವುದನ್ನು ಮೆಕ್ಯಾನಿಕ್ಕುಗಳು ಬಲ್ಲರು. ಮಾದರಿಯ ಹವ್ಯಾಸಿಗಳು ಆ ಅವಗುಣವನ್ನೇ ಗುಣವಾಗಿ ಬಳಸಿಕೊಂಡರು. ಸಿಲಿಕೋನಿನಿಂದ ಮಾಡಿದ ಬ್ರೇಕ್ ಎಣ್ಣೆಗೆ ಮಾತ್ರ ಈ ಶಕ್ತಿಯಿಲ್ಲ. ಇದೂ ವಿಷವೇ, ಮಕ್ಕಳ ಕೈಗೆ ಸಿಕ್ಕದಂತಿಡಬೇಕು.

ಇವುಗಳ ಪಕ್ಕದಲ್ಲಿ ಡೆಟಾಲು ಸಾಧುಸ್ವಭಾವದ್ದು. ಅದರಲ್ಲಿ ರೋಗಾಣುವನ್ನು ಕೊಲ್ಲುವ ವಸ್ತುವಿನ ಜೊತೆಗೆ ಪೈನ್ ಮರದ ಎಣ್ಣೆಯೂ ಮದ್ಯಸಾರವೂ ಇದ್ದು, ಬಣ್ಣವನ್ನು ಮೆತ್ತಗೆ ಮಾಡುವ ಕೆಲಸ ಈ ಎರಡರದು. ಬಣ್ಣವು ಕರಗುವುದಿಲ್ಲ; ನೆನೆದು, ಉಬ್ಬಿ, ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಮೇಲೇಳುತ್ತದೆ. ಇಲ್ಲಿ ಹೊಸಬರು ತಪ್ಪದೆ ಎಡವುವ ಒಂದು ಜಾಗವುಂಟು. ಕೆಲಸ ಮುಗಿಯಿತೆಂದು ಮಾದರಿಯನ್ನು ನಲ್ಲಿಯ ಕೆಳಗೆ ಹಿಡಿದರೆ, ಡೆಟಾಲು ನೀರಿನೊಡನೆ ಬೆರೆತು ಹಾಲಾಗುವುದೆಂಬುದನ್ನು ಎಲ್ಲರೂ ಕಂಡಿದ್ದಾರಷ್ಟೆ, ಆ ಹಾಲಿನಲ್ಲಿ ಬಿಡಿಸಿದ ಬಣ್ಣವೆಲ್ಲ ಹಲಸಿನ ಮೇಣದಂತೆ ಅಂಟಾಗಿ ಮಾದರಿಯನ್ನೂ ಕುಂಚವನ್ನೂ ಕೈಯನ್ನೂ ಹಿಡಿದುಕೊಳ್ಳುವುದು. ಮೊದಲು ನೀರು ಬೆರೆಸದ ಹೊಸ ಡೆಟಾಲಿನಲ್ಲಿಯೇ ಹಳೆಯ ಹಲ್ಲಿನ ಬ್ರಷ್ಷಿನಿಂದ ಪೂರ್ತಿ ಉಜ್ಜಿ, ಬಣ್ಣದ ಕಣವೂ ಉಳಿದಿಲ್ಲವೆಂದು ಕಂಡ ಮೇಲೆ ಸಾಬೂನಿನ ನೀರನ್ನು ಮುಟ್ಟಬೇಕು. ಬೆಕ್ಕು ಸಾಕಿದ ಮನೆಯವರು ಈ ಪಾತ್ರೆಯನ್ನು ಅದರಿಂದ ದೂರವಿಡುವುದು ಲೇಸು. ಮನುಷ್ಯನಿಗೆ ಔಷಧಿಯಾದ ಡೆಟಾಲು ಬೆಕ್ಕಿಗೆ ವಿಷ.

ಕಡೆಗೆ ಒಂದು ಭಾನುವಾರ ಆತನು ಕೈಗವಸು ಹಾಕಿಕೊಂಡು ಕಿಟಕಿಯನ್ನು ತೆರೆದು ಕುಳಿತನು. ಚಾಲಕನ ಮೇಲಿನ ಪಾರದರ್ಶಕ ಮುಚ್ಚಳಕ್ಕೆ ಮದ್ಯಸಾರ ತಗುಲಿದರೆ ಕೂದಲಿನಂಥ ಬಿರುಕು ಬಿಡುವ ಭಯವಿತ್ತು. ಆದುದರಿಂದ ವಿಮಾನವನ್ನು ಮುಳುಗಿಸದೆ, ಮುಚ್ಚಳವನ್ನು ಪಟ್ಟಿಯಿಂದ ಬಿಗಿದು, ಉಳಿದ ಮೈಗೆ ಕುಂಚದಿಂದ ಡೆಟಾಲನ್ನು ಹಚ್ಚಿ, ಪಾಲಿಥೀನ್ ಹಾಳೆಯಲ್ಲಿ ಸುತ್ತಿ ಒಂದು ದಿನ ಬಿಟ್ಟನು. ವಾಸನೆಯು ಮನೆಯನ್ನೆಲ್ಲ ತುಂಬಿತು. ಎಂಬತ್ತು ದಾಟಿದ ತಾಯಿ ಒಳಗಿನಿಂದ, “ಯಾರಿಗೋ ಏನಾಯ್ತು? ಕೈ ಕೊಯ್ದುಕೊಂಡೆಯಾ?” ಎಂದು ಕೂಗಿದರು.

“ಯಾರಿಗೂ ಏನೂ ಆಗಿಲ್ಲ, ಅಮ್ಮ. ಅಪ್ಪ ಬಣ್ಣ ಹಚ್ಚಿದ್ದ ವಿಮಾನ ತೊಳೆಯುತ್ತಿದ್ದೇನೆ.”

“ತೊಳಿ, ತೊಳಿ. ಅವರಿಗೂ ಅದು ಮನಸ್ಸಿಗೆ ಬಂದಿರಲಿಲ್ಲ. ರಜ ಸಿಕ್ಕಿದರೆ ಮತ್ತೆ ಮಾಡ್ತೀನಿ ಅನ್ನುತ್ತಲೇ ಇದ್ದರು. ರಜ ಯಾವತ್ತು ಸಿಕ್ಕಿತು ಅವರಿಗೆ?”

ವರ್ಷವೊಂದರ ಅಳುಕಿಗೆ ಇಷ್ಟು ಮಾತು ಸಾಕಾಯಿತು. ಮಕ್ಕಳು ಗತಿಸಿದವರ ವಸ್ತುಗಳಿಗೆ ಕೊಡುವ ಮರ್ಯಾದೆಯನ್ನು ಗತಿಸಿದವರೇ ಕೊಟ್ಟಿರುವುದಿಲ್ಲವೆಂಬುದನ್ನು ಅವರೊಡನೆ ಬಾಳಿದವರು ಚೆನ್ನಾಗಿ ಬಲ್ಲರು.

ಮರುದಿನ ಸಂಜೆ ಹಾಳೆಯನ್ನು ಬಿಚ್ಚಿದಾಗ ಹಸಿರು ಕಂದುಗಳು ಸುಕ್ಕಾಗಿ ಎದ್ದಿದ್ದುವು. ಅಂಟಿಸಿದ್ದ ವೃತ್ತಾಕಾರದ ಗುರುತುಗಳು ಬಣ್ಣದೊಡನೆಯೇ ಸುರುಳಿಸುತ್ತಿ ಬಂದುವು. ಕುಂಚದ ಆ ಕೂದಲೂ ಬಂದಿತು. ಹಳೆಯ ಅಂಟು ಸಡಿಲಿ ಬಾಲದ ಒಂದು ರೆಕ್ಕೆ ಕೈಯಲ್ಲಿಯೇ ಕಳಚಿತು. ಬಲರೆಕ್ಕೆಯು ಅರ್ಧ ಗಂಟೆಯಲ್ಲಿ ಬರಿ ಪ್ಲಾಸ್ಟಿಕ್ಕಾಯಿತು. ಮೊಳೆಗಳ ಸಾಲುಗಳು ಹೊಸದಾಗಿ ಅಚ್ಚಿನಿಂದ ಬಂದಂತೆ ಎದ್ದು ಕಂಡುವು. ಎಡರೆಕ್ಕೆಯ ಹಸಿರು ಹೋದ ಮೇಲೆ ಮಾತ್ರ ಪ್ಲಾಸ್ಟಿಕ್ಕು ಕಾಣಲಿಲ್ಲ. ಅಲ್ಲಿ ಕೆಂಪು ಇತ್ತು. ಕುಂಕುಮದಷ್ಟು ಕೆಂಪು, ಉದ್ದಕ್ಕೂ ಅಡ್ಡಕ್ಕೂ ಹೇಗೆಂದರೆ ಹಾಗೆ ಎಳೆದ ಕೆಂಪು, ರೆಕ್ಕೆಯ ತುದಿಯಲ್ಲಿ ಹನಿಗಟ್ಟಿ ಇಳಿದ ಕೆಂಪು. ಯಾವ ದೇಶದ ಯಾವ ಸ್ಪಿಟ್‌ಫೈರಿನ ಒಂದು ರೆಕ್ಕೆಯೂ ಹಾಗೆ ಕೆಂಪಾಗಿರಲಿಲ್ಲ.

ಆತನು ಅದನ್ನು ಹಾಗೆಯೇ ಹಿಡಿದುಕೊಂಡು ಹೋಗಿ ತಾಯಿಗೆ ತೋರಿಸಿದನು. ಅವರು ಕನ್ನಡಕವನ್ನು ಏರಿಸಿ ನೋಡಿದರು.

“ಇದು ನೀನು ಬಳಿದದ್ದಪ್ಪ. ಅವರು ಡ್ಯೂಟಿಗೆ ಹೋಗಿದ್ದ ದಿವಸ. ನನ್ನ ಸೀರೆಗೂ ಬಳಿದಿದ್ದೆ.”

“ಅಪ್ಪ ಏನಂದರು?”

“ಏನೂ ಅನ್ನಲಿಲ್ಲ. ನಾಲ್ಕು ದಿನ ಬಿಟ್ಟು, ನೀನು ಮಲಗಿದ ಮೇಲೆ, ಪುಸ್ತಕ ನೋಡಿಕೊಂಡು ಕೂತು ಹಸಿರು ಹಚ್ಚಿದರು. ಬೆಳಿಗ್ಗೆ ಎದ್ದು ನೋಡಿ ನೀನು ಎರಡು ದಿನ ಅವರ ಹತ್ತಿರ ಮಾತೇ ಆಡಲಿಲ್ಲ. ಆಮೇಲೆ ನಿನಗೆ ಮರೆತುಹೋಯಿತು.”

ಮರೆತುಹೋದುದು ನಿಜ. ಆತನ ನೆನಪಿನಲ್ಲಿ ತಂದೆಮಕ್ಕಳು ಒಂದೇ ಮೇಜಿನ ಮುಂದೆ ಕುಳಿತು, ಒಬ್ಬರು ಕಂದನ್ನೂ ಒಬ್ಬರು ಹಸಿರನ್ನೂ ಹಚ್ಚುತ್ತಿದ್ದ ಚಿತ್ರವೊಂದೇ ಇದ್ದಿತು; ಎಷ್ಟೋ ಜನಕ್ಕೆ ಅದನ್ನು ಹೇಳಿಯೂ ಇದ್ದನು. ಅದು ಸುಳ್ಳೆಂದು ಹೇಳುವುದು ಕಠಿನವಾದೀತು. ಬಲರೆಕ್ಕೆಯನ್ನು ಹಾಗೆಯೇ ಕೂಡಿ ಹಚ್ಚಿದ್ದಿರಬಹುದು. ಆದರೆ ಎಡರೆಕ್ಕೆಯ ವಿಷಯದಲ್ಲಿ ನೆನಪಿಗಿಂತ ಬಣ್ಣವೇ ಪ್ರಾಮಾಣಿಕವಾಗಿದ್ದಿತು. ಆಸ್ಪತ್ರೆಯ ಕೆಲಸದಿಂದ ದಣಿದು ಬಂದ ಗೃಹಸ್ಥನು ನಡುರಾತ್ರಿಯ ದೀಪದಲ್ಲಿ ಮಗನ ಕೆಂಪನ್ನು ಸರಿಮಾಡಿದುದು ಪ್ರೀತಿಯಿಂದಲೋ, ಸರಿಯಲ್ಲದ್ದನ್ನು ಕಂಡರೆ ತಾಳಲಾರದ ಸ್ವಭಾವದಿಂದಲೋ, ಹೊರದೇಶದಲ್ಲಿ ತನ್ನ ಮನೆಯ ವಸ್ತುವೊಂದು ನೆರೆಹೊರೆಯವರ ನಗೆಗೆ ಗುರಿಯಾಗಬಾರದೆಂಬ ಅಂಜಿಕೆಯಿಂದಲೋ, ಹೇಳಬಲ್ಲವರು ಯಾರೂ ಇಲ್ಲ. ಮೂರೂ ಸೇರಿದ್ದರೂ ಸೇರಿರಬಹುದು. ತಂದೆತಾಯಿಗಳು ಮಕ್ಕಳ ಮೇಲೆ ಬಳಿಯುವ ಬಣ್ಣಗಳಲ್ಲಿ ಬಹಳಷ್ಟು ಈ ಮಿಶ್ರಣದವೇ.

ಇನ್ನೊಂದು ಮಾತು. ಆ ಕೆಂಪು ತಿಳಿದುಬಂದುದು ಬಣ್ಣ ಬಿಡಿಸಿದುದರಿಂದ. ಪೆಟ್ಟಿಗೆಯನ್ನು ಪೂಜ್ಯವೆಂದು ಹಾಗೆಯೇ ಮುಚ್ಚಿಟ್ಟಿದ್ದರೆ ಹಸಿರಿನಡಿಯಲ್ಲಿ ಅದು ಎಂದೆಂದಿಗೂ ಅಡಗಿರುತ್ತಿತ್ತು. ಬಿಡಿಸಿದುದರಿಂದ ತಿಳಿಯಿತು, ಹಸಿರು ಹಾಳಾಯಿತು. ನೆಲವನ್ನು ಅಗೆಯುವ ಪ್ರಾಕ್ತನಶಾಸ್ತ್ರಜ್ಞರ ಪಾಡೂ ಇದೇ. ಮೇಲಿನ ಪದರವನ್ನು ತೆಗೆಯದೆ ಕೆಳಗಿನದು ಸಿಕ್ಕದು, ತೆಗೆದ ಪದರ ಮತ್ತೆ ಕೂಡದು. ಅವರು ಅಗೆಯುವ ಮುನ್ನ ಅಳೆದು ಬರೆದುಕೊಳ್ಳುವರು. ಮಾದರಿಯವನೂ ಬಿಡಿಸುವ ಮುನ್ನ ನಾಲ್ಕಾರು ಕಡೆಯಿಂದ ಚಿತ್ರ ತೆಗೆದಿದ್ದನು. ಆದರೆ ಕುಂಚದ ಕೂದಲು ಆ ಚಿತ್ರಗಳಲ್ಲಿ ಗೀರಿನಂತೆ
ಕಾಣುವುದೇ ಹೊರತು ಕೂದಲೆಂದು ಯಾರಿಗೂ ತಿಳಿಯದು.

ಕೆಂಪನ್ನು ಉಳಿಸುವುದೋ ಬಿಡಿಸುವುದೋ ಎಂಬ ಪ್ರಶ್ನೆಗೆ ಆತನು ಹಿಂದಿನಂತೆ ವರ್ಷಗಟ್ಟಲೆ ಕಾಯಲಿಲ್ಲ. ಡೆಟಾಲು ಅದರೊಳಕ್ಕೂ ಇಳಿದು ಅಂಚುಗಳು ಆಗಲೇ ಎದ್ದಿದ್ದುವು. ಬಿಟ್ಟರೆ ತಾನಾಗಿಯೇ ಚಕ್ಕೆಯೇಳುತ್ತಿತ್ತು. ಮಾರನೆಯ ದಿನ ಅದನ್ನೂ ಉಜ್ಜಿದನು. ಮೊಳೆಗಳ ಸಂದುಗಳಲ್ಲಿ ಮಾತ್ರ ಸ್ವಲ್ಪ ಕೆಂಪು ಉಳಿಯಿತು. ಹಲ್ಲುಕಡ್ಡಿಯಿಂದ ಗೆಬರಿದರೂ ಬಾರದ ಅಷ್ಟನ್ನು ಬಿಟ್ಟುಬಿಟ್ಟನು. ಕೊಳೆಯಾದ ಡೆಟಾಲನ್ನು ಮೋರಿಗೆ ಚೆಲ್ಲದೆ ಸೀಸೆಯಲ್ಲಿ ತುಂಬಿ, ಪುರಸಭೆಯವರು ಇಂಥವನ್ನು ತೆಗೆದುಕೊಳ್ಳುವ ಜಾಗಕ್ಕೆ ಕೊಟ್ಟು ಬಂದನು. ಮಾದರಿಯನ್ನು ಸಾಬೂನಿನ ನೀರಿನಲ್ಲಿ ಎರಡು ಸಲ ತೊಳೆದು, ನೆರಳಿನಲ್ಲಿ ಎರಡು ದಿನ ಆರಿಸಿದನು. ಕಳಚಿದ ಬಾಲವನ್ನು ಮತ್ತೆ ಅಂಟಿಸಿದನು.

ಮುಚ್ಚಳದ ಪಟ್ಟಿಯನ್ನು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದಾಗ ಒಳಗೆ ಅಕ್ಕಿಕಾಳಿನಷ್ಟಿರುವ ಚಾಲಕನು ಕುಳಿತಿದ್ದುದು ಕಂಡಿತು. ಆತನ ಮುಖಕ್ಕೆ ರೆಕ್ಕೆಗೆ ಹಚ್ಚಿ ಮಿಕ್ಕಿದ್ದ ಕಂದುಬಣ್ಣವನ್ನು ಹಚ್ಚಿತ್ತು. ಪೆಟ್ಟಿಗೆಯೊಡನೆ ಬರುವ ಸೂಚನೆಯಲ್ಲಿ ಹಾಗಿರುವುದಿಲ್ಲ. ಅಲ್ಲಿ ಚಾಲಕನ ಮುಖ ಇಂಗ್ಲಿಷರ ಮುಖದ ಬಣ್ಣದ್ದೇ. 1940ರಲ್ಲಿ ಇಪ್ಪತ್ತನಾಲ್ಕು ಮಂದಿ ಭಾರತೀಯ ವಿಮಾನಚಾಲಕರು ಇಂಗ್ಲೆಂಡಿನ ವಾಯುಪಡೆಯಲ್ಲಿ ಹಾರಲು ಹೋದುದುಂಟು. ಆದರೆ 1978ರಲ್ಲಿ ಆ ಮನೆಯಲ್ಲಿ ಯಾರಿಗೂ ಅದು ತಿಳಿದಿರಲಿಲ್ಲ. ಹಚ್ಚಿದುದು ತಂದೆಯೋ ಮಗನೋ ಎಂದು ಕೇಳಿದುದಕ್ಕೆ ತಾಯಿ ನೆನಪಿಲ್ಲವೆಂದರು. ಮುಚ್ಚಳದ ಅಂಟು ಗಟ್ಟಿಯಾಗಿತ್ತು; ತೆಗೆಯಹೋದರೆ ಒಡೆಯುವಂತಿತ್ತು. ಆತನು ಅದರ ಮೇಲೆ ಹೊಸ ಪಟ್ಟಿಯನ್ನು ಅಂಟಿಸಿ, ಬೂದುಬಣ್ಣದ ಮೊದಲ ಲೇಪಕ್ಕಾಗಿ ಡಬ್ಬಿಯನ್ನು ತೆರೆದನು.